‘ಶ್ಯಾಡೋ’: ಪಲ್ಪ್ ನಾಯಕನೊಬ್ಬನ ಕಾಲಾಂತರ

ಅಮೆರಿಕದಲ್ಲಿ 1930ರ ದಶಕದಲ್ಲಿ ಅಗ್ಗದ ಒರಟು ಕಾಗದದ ಮೇಲೆ ಅಚ್ಚಾಗಿ ಹತ್ತು ಸೆಂಟಿಗೆ ಮಾರಾಟವಾಗುತ್ತಿದ್ದ ಸಾಹಸ ಕಥಾಪತ್ರಿಕೆಗಳಿಗೆ ‘ಪಲ್ಪ್’ ಎಂಬ ಹೆಸರಿತ್ತು. ಅವುಗಳ ನಾಯಕರನ್ನು ಆಧುನಿಕ ಚಿತ್ರಕಥೆಗೆ ತರುವ ಪ್ರಯತ್ನಗಳಲ್ಲಿ ಅತಿ ಹೆಚ್ಚು ವಿವಾದಕ್ಕೆ ಒಳಗಾದುದು ‘ದ ಶ್ಯಾಡೋ’ ಪಾತ್ರದ ಮರುಸೃಷ್ಟಿ.

ಶ್ಯಾಡೋ ಮೊದಲು ಕೇವಲ ಒಂದು ಧ್ವನಿ. 1930ರಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ಪ್ರಕಾಶನದ ಪತ್ತೇದಾರಿ ಪತ್ರಿಕೆಯ ಪ್ರಚಾರಕ್ಕಾಗಿ ಆರಂಭವಾದ ರೇಡಿಯೊ ಕಾರ್ಯಕ್ರಮದ ನಿರೂಪಕನಾಗಿದ್ದ ಆತನ ಹೆಸರಿನ ಪತ್ರಿಕೆಯನ್ನೇ ಕೇಳುಗರು ಅಂಗಡಿಗಳಲ್ಲಿ ಕೇಳತೊಡಗಿದರು. ಇಲ್ಲದ ಪತ್ರಿಕೆಗೆ ಬೇಡಿಕೆ ಹುಟ್ಟಿದ್ದರಿಂದ 1931ರಲ್ಲಿ ಪತ್ರಿಕೆಯೂ ಹುಟ್ಟಿತು. ಸ್ವತಃ ಜಾದೂಗಾರರಾಗಿದ್ದ ವಾಲ್ಟರ್ ಗಿಬ್ಸನ್, ಮ್ಯಾಕ್ಸ್‌ವೆಲ್ ಗ್ರಾಂಟ್ ಎಂಬ ಕಾವ್ಯನಾಮದಲ್ಲಿ, 1949ರವರೆಗೆ ಪ್ರಕಟವಾದ 325 ಕಾದಂಬರಿಗಳ ಪೈಕಿ 282ನ್ನು ಬರೆದರು. 1939ರಲ್ಲಿ ಪ್ರಕಟವಾದ ಬ್ಯಾಟ್‌ಮನ್‌ನ ಮೊದಲ ಕಥೆಯೇ ಶ್ಯಾಡೋ ಕಾದಂಬರಿಯೊಂದರ ಎರವಲು.

1973ರಲ್ಲಿ ಡಿಸಿ ಸಂಸ್ಥೆಗಾಗಿ ಡೆನಿಸ್ ಓನೀಲ್ ಮತ್ತು ಮೈಕೆಲ್ ಕಲೂಟಾ ಆರಂಭಿಸಿದ ಸರಣಿಯು ಪಾತ್ರವನ್ನು ಮೂವತ್ತರ ದಶಕದಲ್ಲಿಯೇ ಉಳಿಸಿಕೊಂಡಿತ್ತು. ಕಲೂಟಾ ಚಿತ್ರಗಳು ಇಂದಿಗೂ ಮೆಚ್ಚುಗೆ ಗಳಿಸಿವೆಯಾದರೂ ಸರಣಿಯು 12 ಸಂಚಿಕೆಗಳಿಗೆ ಮುಗಿಯಿತು.

1986ರಲ್ಲಿ ಹೊವಾರ್ಡ್ ಚೇಕಿನ್ ನಾಲ್ಕು ಸಂಚಿಕೆಗಳ ಕಥೆಯೊಂದರಲ್ಲಿ ಶ್ಯಾಡೋವನ್ನು ಸಮಕಾಲೀನ ನ್ಯೂಯಾರ್ಕಿಗೆ ಕರೆತಂದರು. ಆತನ ಕೈಗೆ ಉಜಿ ಬಂದೂಕುಗಳನ್ನು ಕೊಟ್ಟದ್ದು ಎಲ್ಲರ ಕಣ್ಣಿಗೆ ಬಿತ್ತು. ನಿಜವಾದ ಬದಲಾವಣೆ ಅದಲ್ಲ. ಮೊದಲ ಕಾದಂಬರಿಯಲ್ಲಿ ಸೇತುವೆಯಿಂದ ಧುಮುಕಲು ಹೊರಟ ಹ್ಯಾರಿ ವಿನ್ಸೆಂಟ್‌ನನ್ನು ಶ್ಯಾಡೋ ರಕ್ಷಿಸುತ್ತಾನೆ. ಪ್ರತಿಯಾಗಿ ಆತ ತನ್ನ ಬದುಕನ್ನೇ ಶ್ಯಾಡೋವಿಗೆ ಒಪ್ಪಿಸಬೇಕು. ಹೀಗೆ ಋಣದಿಂದ ಕಟ್ಟಲ್ಪಟ್ಟ ಸಹಾಯಕರ ಜಾಲವನ್ನು ಹಳೆಯ ಓದುಗರು ಸಹಜವೆಂದೇ ಸ್ವೀಕರಿಸಿದ್ದರು. ಚೇಕಿನ್ ಕಥೆಯಲ್ಲಿ ಆ ಸಹಾಯಕರೆಲ್ಲ ಮುದುಕರಾಗಿದ್ದಾರೆ ಮತ್ತು ಒಬ್ಬೊಬ್ಬರಾಗಿ ಕೊಲೆಯಾಗುತ್ತಿದ್ದಾರೆ. ದಶಕಗಳ ನಂತರ ಮರಳಿದ ಶ್ಯಾಡೋ ಮಾತ್ರ ಯುವಕನಾಗಿಯೇ ಇದ್ದಾನೆ. ಅವರು ತೆತ್ತ ಬೆಲೆ ಏನು ಎಂಬ ಪ್ರಶ್ನೆ ಮೂಲದಲ್ಲಿಯೇ ಅಡಗಿತ್ತು. ಚೇಕಿನ್ ಅದನ್ನು ಹೊರಗೆಳೆದರು.

ಅನೇಕ ಹಳೆಯ ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ಲೇಖಕ ಹಾರ್ಲನ್ ಎಲಿಸನ್ ಬಹಿರಂಗವಾಗಿಯೇ ಖಂಡಿಸಿದರು. ಕಥೆಯಲ್ಲಿನ ಹಿಂಸೆ ಮತ್ತು ಸ್ತ್ರೀಯರ ಚಿತ್ರಣದ ಬಗೆಗಿನ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಶ್ಯಾಡೋ ಮೃದುಹೃದಯಿಯಾಗಿದ್ದನೆಂಬ ವಾದ ಮಾತ್ರ ನಿಲ್ಲದು. ಗಿಬ್ಸನ್ ಅವರ ನಾಯಕನೂ ಪಿಸ್ತೂಲುಗಳಿಂದಲೇ ತೀರ್ಪು ನೀಡುತ್ತಿದ್ದ.

1987ರಲ್ಲಿ ಆರಂಭವಾದ ಮುಂದಿನ ಸರಣಿಯಲ್ಲಿ ಲೇಖಕ ಆಂಡಿ ಹೆಲ್ಫರ್ ಮತ್ತು ಚಿತ್ರಕಾರ ಕೈಲ್ ಬೇಕರ್ ಇದನ್ನು ವಿಡಂಬನೆಯತ್ತ ಒಯ್ದರು. ನಾಯಕ ಸತ್ತು, ಆತನ ತಲೆಯನ್ನು ಯಂತ್ರಮಾನವನ ದೇಹಕ್ಕೆ ಜೋಡಿಸಲಾಯಿತು! ಆ ಸರಣಿ 1989ರಲ್ಲಿ 19ನೇ ಸಂಚಿಕೆಗೆ, ಕಥೆ ಪೂರ್ಣಗೊಳ್ಳುವ ಮುನ್ನವೇ ನಿಂತಿತು.

ಇಂತಹ ಪಾತ್ರಗಳ ವಿಷಯದಲ್ಲಿ ಚಿತ್ರಕಥಾ ಸಂಸ್ಥೆ ಬಾಡಿಗೆದಾರ ಮಾತ್ರ. 1959ರಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ಪ್ರಕಾಶನವು ಕಾಂಡೆ ನಾಸ್ಟ್ ಒಡೆತನಕ್ಕೆ ಬಂದಿದ್ದರಿಂದ ಶ್ಯಾಡೋ ಹಕ್ಕುಗಳೂ ಅದರ ಪಾಲಾಗಿದ್ದವು. 1989ರಲ್ಲಿಯೇ ಡಿಸಿ ಹೊಸದಾಗಿ ಆರಂಭಿಸಿದ ಸರಣಿಯಲ್ಲಿ ಶ್ಯಾಡೋ ಮೂವತ್ತರ ದಶಕಕ್ಕೆ ಹಿಂದಿರುಗಿದ. ಅದು 31 ಸಂಚಿಕೆಗಳವರೆಗೆ ನಡೆಯಿತು. 2012ರಲ್ಲಿ ಡೈನಮೈಟ್ ಸಂಸ್ಥೆಗೆ ಗಾರ್ತ್ ಎನಿಸ್ ಬರೆದ ಕಥೆಯೂ ಎರಡನೇ ಮಹಾಯುದ್ಧದ ಹೊಸ್ತಿಲಿನ ಕಾಲದ್ದೇ.