ತಿರುಗುವ ತಟ್ಟೆಯ ಬೆಲೆ

ಹೋಟೆಲಿಗೆ ಕಾಲಿಟ್ಟ ವಿದ್ಯಾರ್ಥಿಯ ಕಣ್ಣು ಮೊದಲು ಹೋಗುವುದು ಬೆಲೆಪಟ್ಟಿಯ ಕಡೆಗೆ. ಜೇಬಿನಲ್ಲಿರುವುದು ಇಷ್ಟು, ಇಷ್ಟರಲ್ಲಿ ಹೊಟ್ಟೆ ತುಂಬೀತೇ ಎಂಬ ಲೆಕ್ಕ ಎಲ್ಲ ದೇಶಗಳಲ್ಲೂ ಒಂದೇ. ಜಪಾನಿನಲ್ಲಿ ಬಹುಕಾಲ ಈ ಲೆಕ್ಕಕ್ಕೆ ಸಿಗದೆ ಉಳಿದ ತಿನಿಸೆಂದರೆ ಸುಶಿ. ಒಳ್ಳೆಯ ಸುಶಿ ಅಂಗಡಿಗಳಲ್ಲಿ ಮೀನಿನ ಹೆಸರಿನ ಮುಂದೆ ಬೆಲೆಯ ಬದಲು ‘ಜಿಕಾ’, ಅಂದರೆ ‘ಈ ಹೊತ್ತಿನ ಧಾರಣೆ’ ಎಂದಷ್ಟೇ ಬರೆದಿರುತ್ತಿತ್ತು. ತಿಂದು ಮುಗಿಸಿ ಬಿಲ್ಲು ಕೈಗೆ ಬಂದ ಮೇಲೆಯೇ ಎದೆ ಬಡಿತ ನಿಲ್ಲುವುದೋ ಹೆಚ್ಚುವುದೋ ತಿಳಿಯುತ್ತಿತ್ತು.

ಹಾಗೆಂದು ಸುಶಿ ಹುಟ್ಟಿನಿಂದಲೇ ಸಿರಿವಂತರ ಊಟವಲ್ಲ. ವಿನೆಗರ್ ಬೆರೆಸಿದ ಅನ್ನದ ಸಣ್ಣ ಉಂಡೆಯ ಮೇಲೆ ಮೀನಿನ ತುಂಡನ್ನಿಟ್ಟು ಕೈಯಲ್ಲಿ ಒತ್ತಿ ಕೊಡುವ ‘ನಿಗಿರಿ’ ಸುಶಿ 1820ರ ದಶಕದಲ್ಲಿ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಜನಪ್ರಿಯವಾಯಿತು. ಅದನ್ನು ಬಳಕೆಗೆ ತಂದವನೆಂದು ಹನಾಯಾ ಯೊಹೆಯಿಯ ಹೆಸರು ಹೇಳುವುದು ವಾಡಿಕೆ. ಬೀದಿಯ ಗಾಡಿಯ ಮುಂದೆ ನಿಂತು, ಎರಡು ತುಂಡು ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುವ ಜನರ ತಿಂಡಿ ಅದು.

ಮಹಾಯುದ್ಧದ ನಂತರ ಅಕ್ಕಿಗೇ ಬರ ಬಂತು. 1947ರಲ್ಲಿ ಸರ್ಕಾರ ಬಹುತೇಕ ಊಟದ ಹೋಟೆಲುಗಳನ್ನು ಮುಚ್ಚಿಸಿತು. ಆಗ ಟೋಕಿಯೊದ ಸುಶಿ ವ್ಯಾಪಾರಿಗಳು ಕಂಡುಕೊಂಡ ಉಪಾಯ ಜಾಣತನದ್ದು: ಗಿರಾಕಿಯೇ ಅಕ್ಕಿ ತರಲಿ, ನಾವು ಮಾಡುವ ಕೂಲಿ ಮಾತ್ರ ಪಡೆಯುತ್ತೇವೆ. ಒಂದು ‘ಗೊ’, ಅಂದರೆ ಸುಮಾರು 180 ಮಿಲಿಲೀಟರ್ ಅಳತೆಯ ಅಕ್ಕಿ ಕೊಟ್ಟವರಿಗೆ 10 ತುಂಡು ಸುಶಿ. ನಮ್ಮಲ್ಲಿ ಅಕ್ಕಿ ಒಯ್ದು ಗಿರಣಿಯಲ್ಲಿ ಹಿಟ್ಟು ಮಾಡಿಸುವಂತೆಯೇ ಇದೂ.

ಮುಂದೆ ದೇಶ ಚೇತರಿಸಿಕೊಂಡಂತೆ ಸುಶಿ ದುಬಾರಿಯಾಯಿತು. ಮತ್ತೆ ಅದನ್ನು ಕೆಳಗಿಳಿಸಿದವರು ಒಸಾಕಾ ಪ್ರಾಂತ್ಯದ ಶಿರಾಯಿಶಿ ಯೋಶಿಯಾಕಿ. ಸಣ್ಣ ಕಾರ್ಖಾನೆಗಳ ಪ್ರದೇಶದಲ್ಲಿ ಅವರದೊಂದು ಪುಟ್ಟ ಅಂಗಡಿ. ಗಿರಾಕಿಗಳು ಸಾಕಷ್ಟಿದ್ದರು, ಬಡಿಸುವ ಕೈಗಳು ಸಾಲದು. ಬಿಯರ್ ಕಾರ್ಖಾನೆಯೊಂದರಲ್ಲಿ ಬಾಟಲಿಗಳು ಕನ್ವೇಯರ್ ಪಟ್ಟಿಯ ಮೇಲೆ ಸಾಗಿಬರುವುದನ್ನು ಕಂಡು ಅವರಿಗೆ ಹೊಳೆಯಿತು: ಸುಶಿಯೂ ಹೀಗೆ ಬಂದರೆ? ನೇರ ಓಡುವ ಪಟ್ಟಿ ಸುಲಭ, ಮೂಲೆಯಲ್ಲಿ ತಿರುಗುವುದೇ ಕಷ್ಟ. ಅದಕ್ಕೆ ಅರ್ಧಚಂದ್ರಾಕಾರದ ತಗಡುಗಳನ್ನು ಒಂದರ ಮೇಲೊಂದು ಜಾರುವಂತೆ ಜೋಡಿಸಿದರು. 1958ರಲ್ಲಿ ‘ಗೆನ್ರೊಕು ಸುಶಿ’ಯ ತಿರುಗುವ ಅಂಗಡಿ ತೆರೆಯಿತು. ಇಂಥ ಅಂಗಡಿಗೆ ‘ಕೈತೆನ್‌ಜುಶಿ’ ಎಂದು ಹೆಸರು.

ಪಟ್ಟಿಯ ವೇಗ ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್. ಹೆಚ್ಚಾದರೆ ತಟ್ಟೆ ಕೈಗೆ ಸಿಗದು, ಮೀನೂ ಒಣಗುತ್ತದೆ. ಕಡಿಮೆಯಾದರೆ ಹಸಿದವನಿಗೆ ಸಿಡುಕು. ನಿಧಾನವಾಗಿ ಕ್ಯಾಮೆರಾ ಹೊರಳಿಸುವಾಗ ನಾವು ಹುಡುಕುವ ವೇಗವೂ ಇಂಥದೇ ಎಂದು ನನಗೆ ಅನ್ನಿಸುವುದುಂಟು.

ಮೂಲತಃ ಕೆಲಸಗಾರರ ಕೊರತೆಗೆ ಮಾಡಿದ ಈ ಯಂತ್ರ ಇನ್ನೊಂದು ಕೆಲಸವನ್ನೂ ಮಾಡಿತು. ತಟ್ಟೆಯ ಬಣ್ಣವೇ ಬೆಲೆ ಹೇಳತೊಡಗಿತು. ಖಾಲಿ ತಟ್ಟೆಗಳನ್ನು ಎಣಿಸಿದರೆ ಬಿಲ್ಲು ಸಿದ್ಧ. ಚಹಾ ಉಚಿತ, ಟಿಪ್ಸಿನ ರೂಢಿ ಇಲ್ಲ. ಅಗ್ಗಕ್ಕಿಂತಲೂ ಈ ನಿಶ್ಚಿಂತೆಯೇ ದೊಡ್ಡ ಲಾಭವೆಂದು ನನ್ನ ಎಣಿಕೆ. 1970ರ ಒಸಾಕಾ ವಿಶ್ವಮೇಳಕ್ಕೆ 6 ಕೋಟಿಗೂ ಹೆಚ್ಚು ಜನ ಬಂದರು. ಅಲ್ಲಿ ತಿರುಗುವ ಸುಶಿ ದೇಶಕ್ಕೆಲ್ಲ ಪರಿಚಯವಾಯಿತು. 1978ರಲ್ಲಿ ಶಿರಾಯಿಶಿ ಅವರ ಹಕ್ಕಿನ ಅವಧಿ ಮುಗಿದದ್ದೇ ತಡ, ಇತರರೂ ಪಟ್ಟಿ ತಿರುಗಿಸಿದರು. 1981ರಲ್ಲಿ ಅನ್ನದ ಉಂಡೆ ಕಟ್ಟುವ ಯಂತ್ರವೂ ಬಂತು. ವರ್ಷಗಟ್ಟಲೆ ಗುರುವಿನ ಬಳಿ ದುಡಿದು ಕಲಿಯುತ್ತಿದ್ದ ಕೈಚಳಕದ ಜಾಗದಲ್ಲಿ ಗುಂಡಿ ಒತ್ತುವ ಕೆಲಸ!

ಸುಶಿರೋ ಎಂಬ ಕಂಪನಿ 2002ರಲ್ಲಿ ತಟ್ಟೆಗಳಿಗೆ ಚಿಪ್ ಅಳವಡಿಸಿತು. ಆ ವ್ಯವಸ್ಥೆಯಲ್ಲಿ 350 ಮೀಟರ್ ಸುತ್ತಿಯೂ ಯಾರೂ ಎತ್ತಿಕೊಳ್ಳದ ತಟ್ಟೆ ತಾನಾಗಿ ಕಸಕ್ಕೆ ಹೋಗುತ್ತಿತ್ತು. ಸೆಕೆಂಡಿಗೆ 8 ಸೆಂಟಿಮೀಟರಿನಂತೆ ಲೆಕ್ಕ ಹಾಕಿ ನೋಡಿ, 73 ನಿಮಿಷ ಬರುತ್ತದೆ. ಕುರಾ ಸುಶಿಯವರದು ಇನ್ನೊಂದು ಬಗೆ: ಖಾಲಿ ತಟ್ಟೆಯನ್ನು ಮೇಜಿನ ಕಿಂಡಿಗೆ ಹಾಕಬೇಕು, ಐದಾದರೆ ಒಂದು ಆಟ, ಗೆದ್ದರೆ ಆಟಿಕೆ. ನಾಲ್ಕಕ್ಕೇ ಹೊಟ್ಟೆ ತುಂಬಿದ ಹುಡುಗ ಐದನೆಯದಕ್ಕೂ ಕೈ ಚಾಚುತ್ತಾನೆ. ಜೇಬಿನ ಲೆಕ್ಕ ತಪ್ಪುವುದು ಇಲ್ಲಿಯೇ.

ತೆರಿಗೆ ಬಿಟ್ಟು 100 ಯೆನ್‌ಗೆ ಒಂದು ತಟ್ಟೆ, ಅದರಲ್ಲಿ ಎರಡು ತುಂಡು: ಈ ದರ ಎಷ್ಟೋ ವರ್ಷ ಅಲುಗಲಿಲ್ಲ. ಗಿರಾಕಿಗೆ ಸಂತೋಷವೇ. ಆದರೆ 1990ರ ದಶಕದ ಆರ್ಥಿಕ ಕುಸಿತದ ನಂತರ ಜಪಾನಿನಲ್ಲಿ ಸಂಬಳಗಳೂ ಸುಮಾರು ಮೂರು ದಶಕ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದವು. ಪಟ್ಟಿಯ ಹಿಂದೆ ತಟ್ಟೆ ಜೋಡಿಸುವವರಲ್ಲಿ ಗಂಟೆಯ ಲೆಕ್ಕದಲ್ಲಿ ದುಡಿಯುವ ಕಾಲೇಜು ವಿದ್ಯಾರ್ಥಿಗಳು ಬಹಳ. ಮುಂದೆ ಕುಳಿತು ಅಗ್ಗವಾಗಿ ತಿನ್ನುವವನೂ, ಹಿಂದೆ ನಿಂತು ಕಡಿಮೆ ಕೂಲಿ ಪಡೆಯುವವನೂ ಎಷ್ಟೋ ಸಲ ಒಬ್ಬನೇ. ಒಳ್ಳೆಯ ಊಟ ಅಗ್ಗದಲ್ಲಿ ಸಿಕ್ಕಿತೆಂದು ಹೇಳುವಾಗ ಈ ಎರಡನೆಯ ಖಾತೆಯನ್ನು ಯಾರೂ ತೆರೆಯುವುದಿಲ್ಲ.

2022ರಲ್ಲಿ ಮೀನು, ಇಂಧನ ಎರಡೂ ಏರಿದವು, ಯೆನ್ ಇಳಿಯಿತು. ಆ ಅಕ್ಟೋಬರಿನಲ್ಲಿ ಸುಶಿರೋ ತನ್ನ ಅತಿ ಅಗ್ಗದ ತಟ್ಟೆಯನ್ನು ತೆರಿಗೆ ಸೇರಿ 110ರಿಂದ 120 ಯೆನ್‌ಗೆ, ಆಗಿನ ದರದಲ್ಲಿ ಸುಮಾರು 67 ರೂಪಾಯಿಗೆ, ಏರಿಸಿತು. ಮರುವರ್ಷ ಯಾರೋ ಹುಡುಗರು ಪಟ್ಟಿಯ ಮೇಲಿನ ಸುಶಿಗೆ ಎಂಜಲು ಬೆರಳು ಮುಟ್ಟಿಸಿ ವಿಡಿಯೋ ಹಂಚಿದ್ದು ದೊಡ್ಡ ರಾದ್ಧಾಂತವಾಯಿತು. ಅಂದಿನಿಂದ ಹಲವು ಅಂಗಡಿಗಳಲ್ಲಿ ತಟ್ಟೆಗಳು ಸುಮ್ಮನೆ ಸುತ್ತುವುದಿಲ್ಲ. ಮೇಜಿನ ಪರದೆಯ ಮೇಲೆ ಬೇಕಾದದ್ದನ್ನು ಒತ್ತಿದರೆ ನೇರ ಹಳಿಯಲ್ಲಿ ಬಂದು ನಿಲ್ಲುತ್ತವೆ. ಬೆಲೆಯೂ ಆ ಪರದೆಯ ಮೇಲೆಯೇ ಇರುತ್ತದೆ.