ಎಣ್ಣೆ ಮತ್ತು ಬುತ್ತಿ

“ಫಾದರ್‌ನ ಈಗ್ಯಾಕ ಕರೀತಿ? ನಾ ಏನ್ ಇವತ್ತ ಸಾಯತೇನೇನು?”

೨೦೧೭ರ ಮಳೆಗಾಲದಲ್ಲಿ ಅಪ್ಪ ನನ್ನನ್ನು ಹೀಗೆ ಕೇಳಿದ್ದರು. ಲಿವರ್ ಕ್ಯಾನ್ಸರ್, ಕೊನೆಯ ಹಂತ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು. ನಾಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಕಿದ್ದೆವು. ಕಪ್ಪತಗುಡ್ಡದ ಗಿಡಮೂಲಿಕೆ ಎಂದು ನೆರೆಯವರು ಏನೇ ತಂದುಕೊಟ್ಟರೂ ಅಪ್ಪ ಬೇಡ ಎನ್ನುತ್ತಿರಲಿಲ್ಲ. ಗುರುಗಳನ್ನು ಕರೆಸಿ ಅಭ್ಯಂಗ ಕೊಡಿಸೋಣ ಎಂದಾಗ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ದಿನಾ ತಪ್ಪದೆ ಜಪಸರ ಹೇಳುವ ಮನುಷ್ಯ!

ಗದಗ-ಬೆಟಗೇರಿಯಲ್ಲಿ ಕ್ರೈಸ್ತರು ಎಂದರೆ ಜನರಿಗೆ ನೆನಪಾಗುವುದು ಬಾಸೆಲ್ ಮಿಶನ್, ಜರ್ಮನ್ ದವಾಖಾನೆ. ಅವರು ಪ್ರೊಟೆಸ್ಟಂಟರು. ನಾವು ಕಥೋಲಿಕರು ಇಲ್ಲಿ ಕಡಿಮೆ. ಹಾಗಾಗಿ ಮೊದಲು ಈ ಅಭ್ಯಂಗ ಏನೆಂದು ಹೇಳಿಬಿಡುತ್ತೇನೆ. ಕಥೋಲಿಕ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಇದೂ ಒಂದು. ಗುರುಗಳು ರೋಗಿಯ ಹಣೆಗೂ ಕೈಗಳಿಗೂ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುತ್ತಾರೆ. ಈಗ ಇದರ ಹೆಸರು ‘ರೋಗಿಗಳ ಅಭ್ಯಂಗ’. ಆದರೆ ಅಪ್ಪ ಹುಟ್ಟಿದ್ದು ೧೯೪೬ರಲ್ಲಿ. ಚಿಕ್ಕಂದಿನಲ್ಲಿ ಅವರು ಕಲಿತದ್ದು ‘ಅಂತ್ಯ ಅಭ್ಯಂಗ’ ಎಂದು. ಅಂದರೆ ಕಡೇ ಎಣ್ಣೆ. ಹೆಸರೇ ಹಾಗಿದ್ದರೆ ಯಾರಿಗೆ ತಾನೇ ಹೆದರಿಕೆಯಾಗದು?

ಆ ಹೆಸರು ಎಲ್ಲಿಂದ ಬಂತು ಎಂದು ರಾತ್ರಿ ಅಪ್ಪನ ಪಕ್ಕ ಎಚ್ಚರವಿರುವಾಗ ಓದತೊಡಗಿದೆ.

ಮೊದಲಿಗೆ ಅದು ಕಡೇ ಎಣ್ಣೆ ಆಗಿರಲೇ ಇಲ್ಲ. ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯದಲ್ಲಿ, ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂಬ ಅರ್ಥದ ಮಾತಿದೆ. ಸಾಯುತ್ತಿರುವವನು ಎಂದಿಲ್ಲ. ಕ್ರಿ.ಶ. ೪೧೬ರಲ್ಲಿ ಪೋಪ್ ಒಂದನೆಯ ಇನ್ನೊಸೆಂಟ್ ಇಟಲಿಯ ಗುಬ್ಬಿಯೊ ಊರಿನ ಬಿಷಪರಿಗೆ ಬರೆದ ಕಾಗದದಲ್ಲಿ, ಬಿಷಪರು ಆಶೀರ್ವದಿಸಿದ ತೈಲವನ್ನು ಗುರುಗಳಷ್ಟೇ ಅಲ್ಲ, ಎಲ್ಲ ಕ್ರೈಸ್ತರೂ ತಮ್ಮ ಹಾಗೂ ತಮ್ಮವರ ಕಷ್ಟಕ್ಕೆ ಬಳಸಬಹುದು ಎಂದಿದ್ದಾರೆ. ಮನೆಮದ್ದಿನಷ್ಟು ಹತ್ತಿರದ ವಸ್ತು ಅದು.

ಮುಂದೆ ಎಂಟು-ಒಂಬತ್ತನೆಯ ಶತಮಾನಗಳಲ್ಲಿ ಈ ಎಣ್ಣೆ ಪಾಪನಿವೇದನೆಯ ಜೊತೆ ಸೇರಿಕೊಂಡಿತು. ಆಗಿನ ಪ್ರಾಯಶ್ಚಿತ್ತಗಳು ಬಹಳ ಕಠಿಣ. ಜನ ಅದನ್ನು ಕೊನೆಗಾಲಕ್ಕೆ ಮುಂದೂಡುತ್ತಿದ್ದರು. ಜೊತೆಗೆ ಎಣ್ಣೆಯೂ ಮರಣಶಯ್ಯೆಗೆ ಹೋಯಿತು. ಹನ್ನೆರಡನೆಯ ಶತಮಾನದ ಹೊತ್ತಿಗೆ ‘ಅಂತ್ಯ’ ಎಂಬ ಹೆಸರೇ ನಿಂತಿತು. ಎಣ್ಣೆ ಹಚ್ಚಿಸಿಕೊಂಡು ಬದುಕಿದವನು ಬರಿಗಾಲಲ್ಲಿ ನಡೆಯಬಾರದು, ಸಂಸಾರ ಮಾಡಬಾರದು ಎಂಬ ನಂಬಿಕೆಗಳೂ ಯುರೋಪಿನಲ್ಲಿ ಹುಟ್ಟಿಕೊಂಡವು. ಬದುಕಿದ್ದೂ ಸತ್ತ ಲೆಕ್ಕ! ಅಪ್ಪನ ಹೆದರಿಕೆ ನಾಗಾವಿಯದಲ್ಲ, ಸುಮಾರು ಸಾವಿರ ವರ್ಷ ಹಳೆಯದು ಎಂದು ನನಗೆ ಆಗ ತಿಳಿಯಿತು.

೧೫೫೧ರ ಟ್ರೆಂಟ್ ಮಹಾಸಭೆ ಒಮ್ಮೆ ಗುಣವಾದವರು ಮತ್ತೆ ಕಾಯಿಲೆ ಬಿದ್ದರೆ ಮತ್ತೆ ಪಡೆಯಬಹುದು ಎಂದಿತು. ಆದರೂ ಹೆದರಿಕೆ ಹೋಗಲಿಲ್ಲ. ೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆ, ಇದನ್ನು ‘ರೋಗಿಗಳ ಅಭ್ಯಂಗ’ ಎನ್ನುವುದೇ ಹೆಚ್ಚು ಸರಿ, ಇದು ಸಾಯುವ ಗಳಿಗೆಯವರಿಗೆ ಮಾತ್ರ ಅಲ್ಲ ಎಂದು ಬರೆಯಿತು. ೧೯೭೨ರಲ್ಲಿ ಆರನೆಯ ಪೌಲ್ ಹೊಸ ವಿಧಿ ಕೊಟ್ಟರು. ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಗಿಡದ ಎಣ್ಣೆಯೂ ನಡೆಯುತ್ತದೆ ಎಂದರು. ಅಂದರೆ ನಮ್ಮ ಕರಿನೆಲದ ಕುಸುಬಿ ಎಣ್ಣೆಯೂ ಆದೀತು!

ಅಪ್ಪನಿಗೆ ಇನ್ನೊಂದು ಹಟವಿತ್ತು. ನೋವಿಗೆ ಕೊಟ್ಟ ಮಾರ್ಫಿನ್ ಗುಳಿಗೆ ನುಂಗುತ್ತಿರಲಿಲ್ಲ. “ಯೇಸುಸ್ವಾಮಿ ಶಿಲುಬಿ ಮ್ಯಾಲೆ ಗುಳಿಗಿ ತಗೊಂಡಿದ್ದೇನು?” ಎನ್ನುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಅದೂ ಪುಸ್ತಕದಲ್ಲೇ ಸಿಕ್ಕಿತು. ಅರಿವಳಿಕೆ ವೈದ್ಯರು ಇಂಥದೇ ಪ್ರಶ್ನೆ ಕೇಳಿದಾಗ, ೧೯೫೭ರ ಫೆಬ್ರವರಿ ೨೪ರಂದು ಪೋಪ್ ಹನ್ನೆರಡನೆಯ ಪಯಸ್ ಉತ್ತರ ಕೊಟ್ಟಿದ್ದರು. ಬೇರೆ ದಾರಿ ಇಲ್ಲದಿದ್ದರೆ ನೋವು ತಡೆಯಲು ಇಂಥ ಔಷಧಿ ಕೊಡಬಹುದು, ಅದರಿಂದ ಆಯುಷ್ಯ ಸ್ವಲ್ಪ ಕಡಿಮೆಯಾಗಬಹುದಾದರೂ ಸರಿ, ಆದರೆ ಸಾಯಿಸುವ ಉದ್ದೇಶ ಇರಬಾರದು ಎಂದು. ನಮ್ಮ ದೇಶದಲ್ಲೇ ೧೯೮೫ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಎಷ್ಟೋ ರೋಗಿಗಳಿಗೆ ಮಾರ್ಫಿನ್ ಸಿಗದಂತಾಗಿ, ೨೦೧೪ರಲ್ಲಿ ತಿದ್ದುಪಡಿ ಮಾಡಬೇಕಾಯಿತು. ಸಿಕ್ಕ ಗುಳಿಗೆಯನ್ನು ಅಪ್ಪ ದಿಂಬಿನ ಕೆಳಗೆ ಇಡುತ್ತಿದ್ದರು.

ಇದನ್ನೆಲ್ಲ ಒಂದು ಸಂಜೆ ಅವರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಪೋಪ್ ಅಂದಾರಂದ್ರ ಕೊಡು” ಎಂದರು. ಆ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಮಾಡಿದರು. ಅವ್ವ ಬಾಗಿಲ ಬಳಿ ಕೂತು ಅಳುತ್ತಿದ್ದಳು. ವಾರದೊಳಗೆ ತಾವೇ “ಫಾದರ್‌ಗ ಬರಾಕ ಹೇಳು” ಎಂದರು. ಎಣ್ಣೆ ಹಚ್ಚಿಸಿಕೊಂಡ ಮೇಲೆ ಗುಣವಾಗಲಿಲ್ಲ. ನಾನು ಗುಣವಾಗಲೆಂದೇ ಬೇಡಿದ್ದೆ, ಸುಳ್ಳು ಹೇಳಲಾರೆ. ಆದರೆ ಗೋಡೆಯ ಕಡೆ ತಿರುಗಿದ್ದ ಮುಖ ನಮ್ಮ ಕಡೆ ತಿರುಗಿತು. ಮುಂದಿನ ಹದಿನೆಂಟು ದಿನ ಅವರು ಎಲ್ಲರೊಡನೆ ಮಾತಾಡಿದರು. ಮಾತು ಬಿಟ್ಟಿದ್ದ ತಮ್ಮನನ್ನೂ ಕರೆಸಿಕೊಂಡರು.

ಹಾಗಾದರೆ ಕೊನೆಯ ಸಂಸ್ಕಾರ ಯಾವುದು? ಪರಮಪ್ರಸಾದ. ಸಾಯುವವರಿಗೆ ಅದನ್ನು ತಪ್ಪಿಸಬಾರದು ಎಂದು ೩೨೫ರ ನೈಸೀಯ ಮಹಾಸಭೆಯ ಹದಿಮೂರನೆಯ ನಿಯಮ ಹೇಳುತ್ತದೆ. ಆಗಲೇ ಅದು ಹಳೆಯ ನಿಯಮ ಎನಿಸಿಕೊಂಡಿತ್ತು. ಲ್ಯಾಟಿನ್‌ನಲ್ಲಿ ಅದಕ್ಕೆ ‘ವಿಯಾಟಿಕುಂ’ ಎನ್ನುತ್ತಾರೆ. ದಾರಿಗೆ ಕಟ್ಟಿಕೊಡುವುದು. ಅಂದರೆ ನಮ್ಮ ಬುತ್ತಿ!

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಇಲ್ಲದೆ ಒಂದು ದಿನವೂ ಡ್ಯೂಟಿಗೆ ಹೋದವರಲ್ಲ. ಈ ಅರ್ಥ ಹೇಳಿದಾಗ ನಕ್ಕು, “ಹಂಗಾರ ಮರೀದ ಕಟ್ಟಸ್ರಿ” ಎಂದಿದ್ದರು. ಕೊನೆಯ ದಿನ ನುಂಗಲು ಆಗುತ್ತಿರಲಿಲ್ಲ. ಗುರುಗಳು ಪ್ರಸಾದದ ಒಂದು ಚೂರನ್ನು ನಾಲಿಗೆಯ ಮೇಲಿಟ್ಟರು, ಅವ್ವ ಚಮಚದಲ್ಲಿ ನೀರು ಹಾಕಿದಳು. ಅವರ ಬುತ್ತಿ ಕಟ್ಟಿಯಾಯಿತು ಎಂದುಕೊಂಡೆ.

ನಿಮ್ಮ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದರೆ ಗುರುಗಳನ್ನು ಬೇಗ ಕರೆಸಿ. ಮಾತಾಡುವ ಶಕ್ತಿ ಇರುವಾಗಲೇ ಕರೆಸಿ. ಎಣ್ಣೆ ಇರುವುದು ಕಾಯಿಲೆಯವರಿಗೆ. ಊರು ಬಿಡುವವರಿಗೆ ಬುತ್ತಿ ಬೇರೆಯೇ ಇದೆ.