ಕಥೆಗೆ ಮೊದಲ ಮನೆ

ಪಠ್ಯಪುಸ್ತಕದಲ್ಲಿ ಸಣ್ಣಕಥೆಯ ಜೊತೆಗೆ ಲೇಖಕರ ಪರಿಚಯವಿರುವುದು ವಾಡಿಕೆ. ಹುಟ್ಟಿದ ಊರು, ಬರೆದ ಗ್ರಂಥಗಳು, ಪಡೆದ ಪ್ರಶಸ್ತಿಗಳು ಅಲ್ಲಿರುತ್ತವೆ. ಆದರೆ ಆ ಕಥೆ ಮೊದಲು ಅಚ್ಚಾದ ಪತ್ರಿಕೆ ಯಾವುದೆಂದು ಹೇಳುವುದು ಅಪರೂಪ. ಹುಲಿಯೂರುದುರ್ಗದಲ್ಲಿ ನನ್ನ ತರಗತಿಗಳಲ್ಲಿ ಕುಳಿತಿದ್ದ ನಿಮಗೆ ಅಂದು ಪರೀಕ್ಷೆಯ ಅವಸರದಲ್ಲಿ ಹೇಳಲು ಬಿಡುವಿರಲಿಲ್ಲ. ಆ ಸಂಗತಿಯನ್ನು ಈಗ ನಿಧಾನವಾಗಿ ಹೇಳುತ್ತೇನೆ.

ಕನ್ನಡ ಸಣ್ಣಕಥೆ ಪತ್ರಿಕೆಯ ಮಡಿಲಲ್ಲಿ ಹುಟ್ಟಿದ ಮಗು. ಪಂಜೆ ಮಂಗೇಶರಾಯರ ಆರಂಭದ ಕಥೆಗಳು 1900ರ ಸುಮಾರಿನಲ್ಲಿ ಮಂಗಳೂರಿನ ‘ಸುವಾಸಿನಿ’ಯಲ್ಲಿ ಬೆಳಕು ಕಂಡವು. 1910ರಲ್ಲಿ ‘ರಂಗನ ಮದುವೆ’ಯನ್ನು ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕೆಲವು ಸಣ್ಣ ಕಥೆಗಳು’ ಸಂಕಲನ ಹೊರಬಂದದ್ದು 1920ರಲ್ಲಿ. ಕಾದಂಬರಿ ತಾನೇ ಒಂದು ಗ್ರಂಥವಾಗಬಲ್ಲದು. ಐದಾರು ಪುಟದ ಕಥೆಗೆ ಆ ಶಕ್ತಿಯಿಲ್ಲ. ಹತ್ತು ಹನ್ನೆರಡು ಕಥೆಗಳು ಕೂಡುವವರೆಗೆ ಅದನ್ನು ಓದುಗರ ಮುಂದಿಡಲು ಪತ್ರಿಕೆಯೇ ಬೇಕು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದ ಎ. ಆರ್. ಕೃಷ್ಣಶಾಸ್ತ್ರಿಗಳು ಅಧ್ಯಾಪಕರು. ಅವರು ‘ಶ್ರೀಪತಿಯ ಕಥೆಗಳು’ ಬರೆದ ಕಥೆಗಾರರೂ ಹೌದು. ಧಾರವಾಡದಲ್ಲಿ 1922ರಲ್ಲಿ ಆಲೂರು ವೆಂಕಟರಾಯರು ‘ಜಯಕರ್ನಾಟಕ’ವನ್ನು ಆರಂಭಿಸಿದರು. ಅದಕ್ಕೂ ಮೊದಲೇ, 1910ರ ದಶಕದಲ್ಲಿ, ಬಾಲ್ಯದಲ್ಲಿಯೇ ವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ತಾವೇ ನಡೆಸಿದ್ದರು. ಹೆಣ್ಣುಮಕ್ಕಳಿಗೆ ಶಾಲೆಯೇ ದೂರವಾಗಿದ್ದ ಆ ದಿನಗಳಲ್ಲಿ ಪತ್ರಿಕೆ ಮನೆಯ ಬಾಗಿಲಿಗೇ ಬರುತ್ತಿತ್ತು ಎಂಬುದನ್ನು ನೆನೆಯಿರಿ. ಕೊಡಗಿನ ಗೌರಮ್ಮನವರು 1939ರಲ್ಲಿ, ಕೇವಲ 27ನೆಯ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರ ಕಥಾಸಂಕಲನ ‘ಕಂಬನಿ’ ಪ್ರಕಟವಾದದ್ದು ಅವರ ನಂತರ. ಅಲ್ಪಾಯುಷಿಯಾದ ಲೇಖಕಿಯ ಬರಹವನ್ನು ಯಾರಾದರೂ ಎತ್ತಿ ಜೋಡಿಸದಿದ್ದರೆ ಅದು ಬಿಡಿಹಾಳೆಗಳಲ್ಲಿಯೇ ಉಳಿದುಹೋಗುತ್ತದೆ.

ಪತ್ರಿಕೆ ನಡೆಸುವುದು ಲಾಭದ ಕೆಲಸವಾಗಿರಲಿಲ್ಲ. ಮಾಸ್ತಿಯವರು ಮೈಸೂರು ಸರ್ಕಾರದ ಉನ್ನತ ಹುದ್ದೆಯನ್ನು 1943ರಲ್ಲಿ ಬಿಟ್ಟರು. ಮರುವರ್ಷದಿಂದ 1965ರವರೆಗೆ, 21 ವರ್ಷ, ‘ಜೀವನ’ ಪತ್ರಿಕೆಯ ಸಂಪಾದಕರಾಗಿದ್ದರು. ತಿಂಗಳು ತಿಂಗಳೂ ಬಂದ ಹಸ್ತಪ್ರತಿಗಳನ್ನು ಓದಬೇಕು, ಕರಡು ತಿದ್ದಬೇಕು, ಕಾಗದಕ್ಕೆ ಹಣ ಹೊಂದಿಸಬೇಕು, ಚಂದಾ ಬಾಕಿಯವರಿಗೆ ನೆನಪೋಲೆ ಬರೆಯಬೇಕು. ಪುಸ್ತಕವನ್ನು ಬರೆದು ಮುಗಿಸಬಹುದು. ಪತ್ರಿಕೆಗೆ ಮುಗಿಯುವುದೆಂಬುದಿಲ್ಲ, ನಿಲ್ಲುವುದು ಮಾತ್ರ ಉಂಟು.

ಸ್ವಾತಂತ್ರ್ಯಾನಂತರ ಈ ಲೋಕ ಎರಡು ದಾರಿಗಳಲ್ಲಿ ಬೆಳೆಯಿತು. ಒಂದು ಕಡೆ 1956ರಲ್ಲಿ ಹುಬ್ಬಳ್ಳಿಯಿಂದ ‘ಕಸ್ತೂರಿ’, 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’ ಬಂದು ಸಾವಿರಾರು ಮನೆಗಳನ್ನು ತಲಪಿದವು. ಇನ್ನೊಂದು ಕಡೆ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ಯೂ ಧಾರವಾಡದ ‘ಸಂಕ್ರಮಣ’ವೂ ಕೆಲವೇ ಚಂದಾದಾರರನ್ನು ನಂಬಿ ಹೊಸ ಬರವಣಿಗೆಗೆ ಸ್ಥಳ ಕೊಟ್ಟವು. ದೀಪಾವಳಿಯ ವಿಶೇಷಾಂಕಗಳ ಕಥಾಸ್ಪರ್ಧೆ ಈ ಎರಡರ ನಡುವಣ ಸೇತುವೆಯಾಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಲಿಂಗ ಬಂದ’ ಕಥೆ ಬಹುಮಾನ ಪಡೆದದ್ದು ‘ಪ್ರಜಾವಾಣಿ’ಯ ದೀಪಾವಳಿ ಸ್ಪರ್ಧೆಯಲ್ಲಿ. ರಾಜಧಾನಿಯಲ್ಲಿ ಯಾರ ಪರಿಚಯವೂ ಇಲ್ಲದ ಹಳ್ಳಿಯ ತರುಣನಿಗೂ ಅಂಚೆಚೀಟಿಯೊಂದಿದ್ದರೆ ಸಾಕು, ಆ ಬಾಗಿಲನ್ನು ತಟ್ಟಬಹುದಾಗಿತ್ತು.

ನಮ್ಮದು ಕುಣಿಗಲ್ ತಾಲ್ಲೂಕಿನ ಹೋಬಳಿ ಊರು. ಇಂಥ ಊರುಗಳಿಗೆ ಸಾಹಿತ್ಯ ಬರುತ್ತಿದ್ದದ್ದು ಅಂಚೆಯ ಚೀಲದಲ್ಲಿ, ಬಸ್ಸಿನ ಮೇಲಿನ ಕಟ್ಟುಗಳಲ್ಲಿ. ಒಂದು ಸಂಚಿಕೆ ಹತ್ತು ಕೈ ದಾಟುತ್ತಿತ್ತು. ಧಾರಾವಾಹಿಯ ಪುಟಗಳನ್ನು ವಾರವಾರವೂ ಕತ್ತರಿಸಿಟ್ಟು, ದಬ್ಬಣದಿಂದ ಹೊಲಿದು, ರಟ್ಟು ಹಾಕಿಸುತ್ತಿದ್ದ ಗೃಹಿಣಿಯರನ್ನು ನಿಮ್ಮ ಮನೆಗಳಲ್ಲಿಯೇ ನೀವು ಕಂಡಿರುತ್ತೀರಿ. ಅವರು ತಮ್ಮನ್ನು ಸಾಹಿತ್ಯಸೇವಕರೆಂದು ಎಂದೂ ಕರೆದುಕೊಳ್ಳಲಿಲ್ಲ. ಆದರೂ ಆ ಹೊಲಿಗೆಯಿಂದಲೇ ಎಷ್ಟೋ ಬರಹಗಳು ಉಳಿದವು.

ಕಾಲ ಬದಲಾಯಿತು. ವಿವೇಕ ಶಾನಭಾಗರು 2005ರಲ್ಲಿ ಆರಂಭಿಸಿದ ತ್ರೈಮಾಸಿಕ ‘ದೇಶಕಾಲ’ 2012ರಲ್ಲಿ ನಿಂತಿತು. ಪತ್ರಿಕೆ ನಿಂತಾಗ ಮುಂದೆ ಬರಬಹುದಾಗಿದ್ದ ಕಥೆಗಳಿಗೆ ಮನೆ ತಪ್ಪುತ್ತದೆ; ಹಳೆಯ ಸಂಚಿಕೆಗಳು ಕಳೆದುಹೋದಾಗ ಬಂದ ಕಥೆಗಳೂ ಇಲ್ಲವಾಗುತ್ತವೆ. ಹೆಸರಾಂತರ ಕಥೆಗಳು ಸಮಗ್ರ ಸಂಪುಟಗಳಲ್ಲಿ ಸುರಕ್ಷಿತವಾಗಿವೆ. ಒಂದೋ ಎರಡೋ ಕಥೆ ಬರೆದು ಸುಮ್ಮನಾದ ಶಿಕ್ಷಕರು, ಗುಮಾಸ್ತರು, ಗೃಹಿಣಿಯರು ಸಂಕಲನ ತರಲಿಲ್ಲ. ಅವರ ಬರವಣಿಗೆಗೆ ಆ ಹಳೆಯ ಸಂಚಿಕೆಯ ಹೊರತು ಬೇರೆ ಆಧಾರವಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಊರಿನ ಮನೆಯನ್ನು ಕೆಡವಿ ಕಟ್ಟಿಸುವವರು, ಹಿರಿಯರ ಅಟ್ಟವನ್ನು ಖಾಲಿ ಮಾಡುವವರು, ಹಳೆಯ ವಿಶೇಷಾಂಕಗಳ ಕಟ್ಟನ್ನು ರದ್ದಿಯವನ ತಕ್ಕಡಿಗೆ ಇಡುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಪತ್ರಿಕೆಯ ಹೆಸರು, ತಿಂಗಳು, ವರ್ಷ, ಕಥೆಗಾರರ ಹೆಸರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಬಳಿಕ ಕಟ್ಟನ್ನು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿರಿ. ಮಕ್ಕಳಿಗೆ ಒಂದು ಕಥೆಯನ್ನಾದರೂ ಗಟ್ಟಿಯಾಗಿ ಓದಿ ಹೇಳಿ ಕೊಟ್ಟರೆ ಇನ್ನೂ ಸಂತೋಷ.